ಹೆಣ್ರೆಟ್ಟಮ್ಮ ಮನೆ ಬಿಟ್ಟ ಅಧ್ಯಾಯ

ಮದುವೆ ನಿಲ್ಲುವುದಕ್ಕೆ ನಮ್ಮ ಕಡೆ ಕಾರಣಗಳಿಗೇನೂ ಬರವಿಲ್ಲ. ಹುಡುಗನ ಚಿಕ್ಕಪ್ಪನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಸಿಗದಿದ್ದರೆ ನಿಲ್ಲುತ್ತದೆ, ಹೋಳಿಗೆಗೆ ತುಪ್ಪ ಕಡಿಮೆಯಾದರೆ ನಿಲ್ಲುತ್ತದೆ, ಎಲ್ಲವೂ ಸರಿಯಾಗಿದ್ದರೆ ಇಷ್ಟೊಂದು ಸರಿಯಾಗಿದೆಯಲ್ಲ ಎಂಬ ಅನುಮಾನಕ್ಕೇ ನಿಲ್ಲುತ್ತದೆ. ಆದರೆ ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ದೊರೆಸಾನಿ ತಾನಾಗಿ ಗಂಡನ ಮನೆ ಬಿಟ್ಟಳೋ, ಗಂಡನೇ ಹೊರಗೆ ಹಾಕಿದನೋ ಎಂಬ ಜಗಳಕ್ಕೆ ಮದುವೆ ನಿಂತಿದ್ದನ್ನು ಯಾರಾದರೂ ಕೇಳಿದ್ದೀರಾ? ಅದೂ ಆ ದೊರೆಸಾನಿ ಯಾವ ತಾಯಿಯ ಹೊಟ್ಟೆಯಲ್ಲೂ ಹುಟ್ಟಿದವಳಲ್ಲ, ಒಂದು ಕಾದಂಬರಿಯ ಪಾತ್ರ. ಹೆಣ್ಣಿನ ಕಡೆಯ ಚನ್ನಗಿರಿಯವರಿಗೂ ಅದು ಗೊತ್ತು, ಗಂಡಿನ ಕಡೆಯ ಹೊನ್ನಾಳಿಯವರಿಗೂ ಗೊತ್ತು. ಗೊತ್ತಿದ್ದೂ ಲಗ್ನಪತ್ರಿಕೆ ಹಂಚುವುದನ್ನು ನಿಲ್ಲಿಸಿ, ಎರಡು ಟೆಂಪೋ ಟ್ರಾವೆಲರ್ ಮಾಡಿಕೊಂಡು, ಜಗಳೂರು ತಾಲ್ಲೂಕಿನ ಸೊಕ್ಕೆಗೆ ಬಂದಿಳಿದರು.

ಸೊಕ್ಕೆಯಲ್ಲಿದ್ದವರು ತಿಪ್ಪೇರುದ್ರಸ್ವಾಮಿ ಮೇಷ್ಟ್ರು. ವಯಸ್ಸು ಅರವತ್ತೊಂದು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಆ ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಕೂತು ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದರು. ಗಾಡಿಗಳಿಂದ ಮೂವತ್ತು ಜನ ಇಳಿದು ಒಬ್ಬೊಬ್ಬರೇ ಕಾಲಿಗೆ ಬೀಳತೊಡಗಿದಾಗ, ತಮಗೆ ಯಾವುದೋ ಪ್ರಶಸ್ತಿ ಬಂದಿರಬೇಕು ಎಂದುಕೊಂಡು ಮೈಮೇಲಿನ ಶೇಂಗಾ ಸಿಪ್ಪೆ ಕೊಡವಿಕೊಂಡರು. ಪಾಪ.

ಮೊದಲು ಬಾಯಿ ಬಿಟ್ಟವನು ನಾಗರಾಜ್, ಹೆಣ್ಣಿನ ಅಪ್ಪ. ಮೇಷ್ಟ್ರು ಚನ್ನಗಿರಿ ಕಡೆ ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂಬತ್ತನೇ ಕ್ಲಾಸಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗ. ಈಗ ಗೊಬ್ಬರದ ಅಂಗಡಿ, ಹೊಟ್ಟೆ, ಬಿ.ಪಿ. ಎಲ್ಲ ಇದೆ.

"ಸಾರ್, ಒಂದೇ ಮಾತು ಹೇಳ್ರಿ ಸಾಕು. ಹೆಣ್ರೆಟ್ಟಮ್ಮನ್ನ ಆ ಗಂಡ ಹೊರಗೆ ಹಾಕಿದ್ನೋ ಇಲ್ವೋ?"

ಹೆನ್ರಿಯೆಟಾ ಎಂಬ ಹೆಸರು ನಮ್ಮ ನಾಲಿಗೆಯ ಮೇಲೆ ಹೆಣ್ರೆಟ್ಟಮ್ಮ ಆಗಿ ಮೂವತ್ತೇಳು ವರ್ಷವಾಗಿತ್ತು. ಅವಳ ಗಂಡ ಹಂಫ್ರಿ. ಅವನು ಎಲ್ಲ ಕಡೆಯೂ ಹಂಪ್ರಪ್ಪ.

"ಅವನ್ಯಾಕೆ ಹಾಕ್ತಾನೆ? ದೇವರಂಥ ಮನುಷ್ಯ ಅವನು" ಎಂದು ಎರಡನೇ ಗಾಡಿಯಿಂದ ಇಳಿದ ಹೆಂಗಸೊಬ್ಬಳು ಮುಂದೆ ಬಂದಳು. "ಸೊಕ್ಕಿನಿಂದ ಇವಳೇ ಬಿಟ್ಟು ಹೋದಳು. ಸಾರ್ ನಮಗೆ ಬೋರ್ಡಿನ ಮೇಲೆ ಬರೆದು ಹೇಳ್ಯಾರೆ. ಅಲ್ಲೇನ್ರಿ ಸಾರ್?"

ಅವಳು ಹೇಮಾವತಿ, ಗಂಡಿನ ತಾಯಿ. ಹುಟ್ಟಿದ್ದು ಸಾಸ್ವೆಹಳ್ಳಿ, ಕೊಟ್ಟಿದ್ದು ಹೊನ್ನಾಳಿಗೆ. ಗಂಡನನ್ನೂ ಮಗನನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದಳು. ಮೇಷ್ಟ್ರಿಗೆ ಅವಳ ಮುಖಕ್ಕಿಂತ ಮೊದಲು ಅಕ್ಷರ ನೆನಪಾಯಿತು, ಅಷ್ಟು ದುಂಡಗೆ ಬರೆಯುತ್ತಿದ್ದ ಹುಡುಗಿ.

ನಡೆದದ್ದು ಇಷ್ಟು. ಹೋದ ಗುರುವಾರ ಚನ್ನಗಿರಿಯಲ್ಲಿ ನಿಶ್ಚಿತಾರ್ಥ. ಹೆಣ್ಣು ಚೈತ್ರಶ್ರೀ ಖಾಸಗಿ ಶಾಲೆಯೊಂದರಲ್ಲಿ ಟೀಚರು, ಗಂಡು ಗುರುಸ್ವಾಮಿ ಸೊಸೈಟಿಯಲ್ಲಿ ಗುಮಾಸ್ತ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಆಗಲೇ ಫೋನಿನಲ್ಲಿ ಜಗಳ ಆಡುವಷ್ಟು ಹತ್ತಿರವಾಗಿದ್ದರು. ಉಂಗುರವಾಯಿತು, ಊಟವೂ ಆಯಿತು. ಕೊನೆಗೆ ಆರತಿಗೆಂದು ನಾಗರಾಜನ ತಂಗಿ ಪುಷ್ಪಾವತಿ ತಟ್ಟೆ ಹಿಡಿದು ಬಂದಳು. ಪುಷ್ಪಾವತಿ ಗಂಡನ ಮನೆ ಬಿಟ್ಟು ಬಂದು ಹದಿನೆಂಟು ವರ್ಷ. ಅಣ್ಣನ ಮನೆಯಲ್ಲಿದ್ದು ಹೊಲಿಗೆ ಮಾಡುತ್ತಾಳೆ, ಊರಿನ ಅರ್ಧ ರವಿಕೆ ಅವಳದೇ ಕೈಯವು. ಹೇಮಾವತಿ ಆರತಿ ತಟ್ಟೆ ನೋಡಿದಳು, ಪುಷ್ಪಾವತಿಯ ಮುಖ ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದು, "ಮನೆ ಬಿಟ್ಟು ಬಂದೋರ ಕೈಲಿ ಬ್ಯಾಡ. ಹೆಣ್ರೆಟ್ಟಮ್ಮನ ಗತಿ ಏನಾತು ಅಂತ ನಮ್ಮ ಮೇಷ್ಟ್ರು ಹೇಳ್ಯಾರೆ" ಎಂದಳು.

ನಾಗರಾಜ ಹೌಹಾರಿದ. ಯಾಕೆಂದರೆ ತಂಗಿ ಅಳುತ್ತ ಬಂದು ಬಾಗಿಲಲ್ಲಿ ನಿಂತ ದಿನ, ಇಡೀ ಓಣಿ 'ವಾಪಸ್ ಕಳಿಸು' ಎಂದಾಗ, ಅವನು ಅವಳನ್ನು ಒಳಗೆ ಕರೆದುಕೊಂಡಿದ್ದು ಇದೇ ಹೆಣ್ರೆಟ್ಟಮ್ಮನ ಧೈರ್ಯದ ಮೇಲೆ. "ಯಾವ ಮೇಷ್ಟ್ರು?" ಎಂದ. "ತಿಪ್ಪೇರುದ್ರಸ್ವಾಮಿ ಮೇಷ್ಟ್ರು" ಎಂದಳು. "ನಮಗೂ ಅವರೇ!" ಎಂದ. ಅಲ್ಲಿಗೆ ಬೀಗರ ಬಾಂಧವ್ಯ ಎರಡು ಪಟ್ಟು ಗಟ್ಟಿಯಾಗಬೇಕಿತ್ತು. ಅದರ ಬದಲು ಎಲೆ ಅಡಿಕೆ ತಟ್ಟೆ ಹಾರಿತು. ಆರತಿ ಬೇಡವೆಂದ ತಪ್ಪಿಗೆ ಕ್ಷಮೆ ಕೇಳದ ಹೊರತು ಹೆಣ್ಣು ಕೊಡುವುದಿಲ್ಲವೆಂದು ಇವರು, ಮೇಷ್ಟ್ರ ಮಾತನ್ನು ಸುಳ್ಳು ಮಾಡುವವರ ಮನೆಯಿಂದ ಹೆಣ್ಣು ತರುವುದಿಲ್ಲವೆಂದು ಅವರು. ಮದುವೆಗೆ ಈಗ ಉಳಿದಿದ್ದು ಒಂಬತ್ತೇ ದಿನ.

ಶೇಂಗಾದ ಮೊರ ಹಿಡಿದುಕೊಂಡೇ ಮೇಷ್ಟ್ರು ಬೆವತರು. ಯಾಕೆಂದರೆ ಇಬ್ಬರೂ ಹೇಳುತ್ತಿರುವುದು ನಿಜ. ಇಬ್ಬರಿಗೂ ಹೇಳಿದ್ದವರು ಅವರೇ.

ಆ ಪುಸ್ತಕ ಅವರಿಗೆ ಸಿಕ್ಕಿದ್ದು ಬಿ.ಎಡ್. ಓದುವಾಗ, ದಾವಣಗೆರೆಯ ಫುಟ್‌ಪಾತಿನಲ್ಲಿ. ರಟ್ಟು ಇರಲಿಲ್ಲ. ಮೊದಲ ಹನ್ನೆರಡು ಪುಟ ಗೆದ್ದಲು ಓದಿ ಮುಗಿಸಿತ್ತು. ಹೀಗಾಗಿ ಅದರ ಹೆಸರಾಗಲಿ ಬರೆದವರ ಹೆಸರಾಗಲಿ ಗೊತ್ತಿಲ್ಲ. ಒಮ್ಮೆ ತಮ್ಮ ಪ್ರೊಫೆಸರಿಗೆ ತೋರಿಸಿದ್ದರು. ಅವರು ನಾಲ್ಕು ಪುಟ ತಿರುವಿ, "ಅಯ್ಯೋ, ಇದು ಇಂಗ್ಲಿಷಿನವರು ತಲೆ ಮೇಲೆ ಹೊತ್ತು ತಿರುಗುವ ಕಾದಂಬರಿಯಲ್ಲವೇನಯ್ಯಾ, ಇದರ ಹೆಸರು" ಎನ್ನುವಷ್ಟರಲ್ಲಿ ಬೆಲ್ ಹೊಡೆಯಿತು. ಮರುದಿನದಿಂದ ಬೇಸಿಗೆ ರಜೆ. ಆಮೇಲೆ ಪ್ರೊಫೆಸರರೂ ಹೋದರು.

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅದನ್ನು ಓದಿದಾಗ ಮೇಷ್ಟ್ರಿಗೆ ಮದುವೆಯಾಗಿರಲಿಲ್ಲ. ಆದ್ದರಿಂದ ಹೆನ್ರಿಯೆಟಾಳ ಮೇಲೆ ಪ್ರೀತಿ ಹುಟ್ಟಿತು. ಹಂಫ್ರಿ ಕಟುಕ, ಮಂಜು ಸುರಿಯುವ ಬೆಳಗ್ಗೆ ಹೆಂಡತಿಯನ್ನು ಗಾಡಿ ಹತ್ತಿಸಿದವನು. ಚನ್ನಗಿರಿಯ ಮಕ್ಕಳಿಗೆ ಶನಿವಾರದ ಕೊನೇ ಪೀರಿಯಡ್ಡಿನಲ್ಲಿ ಹಾಗೇ ಹೇಳಿದರು. ಮಕ್ಕಳು ಅತ್ತರು, ಮೇಷ್ಟ್ರೂ ಅತ್ತರು. ಒಬ್ಬ ಹುಡುಗ ಮನೆಗೆ ಹೋಗಿ ತಮ್ಮ ಹಸುವಿಗೆ ಹೆಣ್ರೆಟ್ಟಿ ಎಂದು ಹೆಸರಿಟ್ಟ.

ಮೂವತ್ತನೇ ವಯಸ್ಸಿನಲ್ಲಿ ಸಾಸ್ವೆಹಳ್ಳಿ ಕಡೆಗೆ ವರ್ಗವಾಗಿತ್ತು. ಮದುವೆಯಾಗಿ ಎರಡು ವರ್ಷ. ಹೆಂಡತಿ ಪ್ರೇಮಲತಾ ತವರಿಗೆ ಹೋಗಿ ನಾಲ್ಕು ತಿಂಗಳಾದರೂ ಬಂದಿರಲಿಲ್ಲ. ಹೋಗುವ ಹಿಂದಿನ ದಿನ ಉಪ್ಪಿಟ್ಟಿನ ವಿಷಯಕ್ಕೆ ಒಂದು ಮಾತು ಬಂದಿತ್ತು. ತಾವೇ ಅನ್ನ ಸೀಯಿಸಿಕೊಂಡು ಉಣ್ಣುತ್ತಿದ್ದ ಆ ದಿನಗಳಲ್ಲಿ ಪುಸ್ತಕ ಮತ್ತೆ ತೆಗೆದರೆ, ಹಂಫ್ರಿಯಂಥ ಸಂಭಾವಿತ ಭೂಮಿಯ ಮೇಲೆ ಇನ್ನೊಬ್ಬನಿರಲಿಲ್ಲ. ಹೆನ್ರಿಯೆಟಾ ಗರ್ವದ ಮುದ್ದೆ. 'ಮನೆ ಬಿಟ್ಟ ಹೆಣ್ಣು ಮನೆ ಮುರಿದ ಹೆಣ್ಣು' ಎಂದು ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆದರು.

ಐವತ್ತಕ್ಕೆ ನ್ಯಾಮತಿ ಹತ್ತಿರದ ಗೋವಿನಕೋವಿ. ಆಗ ಮನೆಯಲ್ಲಿ ಅವರ ವಯಸ್ಸಾದ ತಾಯಿ ಇದ್ದರು. ಮೂರನೇ ಸಲ ಓದಿದಾಗ ಗಂಡ ಹೆಂಡತಿ ಇಬ್ಬರೂ ತಲೆಹರಟೆಗಳಾಗಿ ಕಂಡರು. ಇಡೀ ಪುಸ್ತಕದಲ್ಲಿ ಬುದ್ಧಿ ನೆಟ್ಟಗಿದ್ದದ್ದು ಮಹಡಿಯ ಮೇಲೆ ಕೂತು ಸಾಕ್ಸ್ ಹೆಣೆಯುವ ಅತ್ತೆಗೆ ಮಾತ್ರ. ಗೋವಿನಕೋವಿಯ ಮಕ್ಕಳಿಗೆ ಅದು ಅತ್ತೆಯ ಕಥೆ.

ಪ್ರತಿ ಸಲವೂ ಅವರು ಪ್ರಾಮಾಣಿಕವಾಗಿಯೇ ಓದಿದ್ದರು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೂರು ಊರಿನವರು ಯಾವತ್ತೋ ಒಂದು ದಿನ ಒಂದೇ ಜಗಲಿಯ ಮೇಲೆ ಸೇರಿ ತಾಳೆ ನೋಡುತ್ತಾರೆ ಎಂದು ಯಾವ ಮೇಷ್ಟ್ರು ಎಣಿಸಿರುತ್ತಾನೆ ಹೇಳಿ.

"ಜಗಳ ಯಾಕ್ರಿ? ಆ ಮನೆ ಇಬ್ಬರದೂ ಅಲ್ಲ, ಅತ್ತೇದು. ಹೋದೋಳದೂ ತಪ್ಪು, ಹಾಕ್ದೋನದೂ ತಪ್ಪು" ಎಂದು ಗಾಡಿಯ ಹಿಂದಿನಿಂದ ಒಬ್ಬ ಬಂದ. ಬೀರಲಿಂಗಪ್ಪ, ಈ ಸಂಬಂಧ ಕುದುರಿಸಿದ ದಲ್ಲಾಳಿ. ಗೋವಿನಕೋವಿಯ ಶಾಲೆಯ ಗೋಡೆ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದವನು. ಮೇಷ್ಟ್ರ ಶನಿವಾರದ ಪಾಠವನ್ನು ಕಿಟಕಿಯಿಂದ ಕೇಳಿ ಕೇಳಿಯೇ ತನಗೆ ಸಂಸಾರಗಳ ಮರ್ಮ ತಿಳಿದದ್ದು, ಅದರಿಂದಲೇ ಈ ಕಸುಬಿಗೆ ಇಳಿದದ್ದು ಎನ್ನುತ್ತಿದ್ದ. ಎರಡು ಕಡೆಯವರೂ ಒಟ್ಟಿಗೇ ಅವನ ಮೇಲೆ ಬಿದ್ದರು. ನಾಲ್ಕು ದಿನದಿಂದ ಅವರು ಒಮ್ಮತದಿಂದ ಮಾಡಿದ ಮೊದಲ ಕೆಲಸ ಅದು.

ಇಷ್ಟರಲ್ಲಿ ಸೊಕ್ಕೆಯವರೂ ಸೇರಿದರು. ಊರಿಗೆ ಎರಡು ಗಾಡಿ ಜನ ಬಂದು ಜಗಳ ಆಡುತ್ತಿರುವಾಗ ಮನೆಯೊಳಗೆ ಕೂರುವುದು ಮರ್ಯಾದಸ್ಥರ ಲಕ್ಷಣವಲ್ಲ. ಎಂಬತ್ತು ದಾಟಿದ ಚೌಡಕ್ಕ ಕೋಲೂರಿಕೊಂಡು ಬಂದು ಎಲ್ಲರಿಗಿಂತ ಮುಂದೆ ಕೂತು, "ಪುಸ್ತಕ ಐತಲ್ಲ, ಓದಿಸಿಬಿಡ್ರಿ ಅತ್ಲಾಗೆ" ಎಂದಳು.

ಸೊಕ್ಕೆಯಲ್ಲಿ ಶ್ರಾವಣ ಬಂತೆಂದರೆ ಗುಡಿಯ ಮುಂದೆ ಪುರಾಣ. ಅದಕ್ಕೊಂದು ಕಟ್ಟಳೆ ಇದೆ. ಓದುವವರು ಬೇರೆ, ಅರ್ಥ ಹೇಳುವವರು ಬೇರೆ. ಒಬ್ಬನೇ ಎರಡೂ ಮಾಡಿದರೆ ಬೇಡದ ಪದ್ಯ ಹಾರಿಸುತ್ತಾನೆ ಎಂಬುದು ಹಿರಿಯರು ಅನುಭವದಿಂದ ಕಂಡುಕೊಂಡ ಸತ್ಯ. ವ್ಯಾಸಪೀಠದ ಮೇಲಿಟ್ಟ ಪುಸ್ತಕದ ಮುಂದೆ ಸುಳ್ಳು ಹೇಳಿದವರ ನಾಲಿಗೆಗೆ ಏನಾಗುತ್ತದೆಂದು ಪ್ರತಿ ಮಗುವಿಗೂ ಗೊತ್ತು. ಅದೇ ಕಟ್ಟಳೆಯಂತೆ ಹೆಣ್ರೆಟ್ಟಮ್ಮನ ನ್ಯಾಯ ಆಗಲಿ ಎಂದು ತೀರ್ಮಾನವಾಯಿತು. ನಾನೂರ ಅರವತ್ತು ಪುಟ ಓದಲು ಎರಡು ಶ್ರಾವಣ ಬೇಕು. ಆದ್ದರಿಂದ ಮನೆ ಬಿಟ್ಟ ಅಧ್ಯಾಯವೊಂದೇ ಸಾಕು, ಮೂವತ್ತೊಂದನೆಯದು.

ಮೇಷ್ಟ್ರು ಟ್ರಂಕು ತೆರೆದು, ಹನ್ನೊಂದು ವರ್ಷದಿಂದ ಮುಟ್ಟದ ಪುಸ್ತಕ ತೆಗೆದರು. ಅರ್ಥ ಹೇಳುವುದು ಅವರೇ. ಓದುವವರು ಯಾರು? ಇಂಗ್ಲಿಷನ್ನು ತಡವರಿಸದೆ ಓದಬಲ್ಲವರು ಅಲ್ಲಿ ಒಬ್ಬರೇ ಇದ್ದರು, ಮದುವೆ ಹೆಣ್ಣು ಚೈತ್ರಶ್ರೀ. "ನನ್ನ ಮದುವೆ ನಿಲ್ಲಿಸಾಕೆ ನನ್ನ ಬಿಟ್ಟು ಹೋಗ್ತೀರೇನು" ಎಂದು ಅಪ್ಪನ ಜೊತೆ, ಪುಷ್ಪಾವತಿಯನ್ನೂ ಕರೆದುಕೊಂಡು, ಗಾಡಿ ಹತ್ತಿ ಬಂದಿದ್ದಳು. ಹೇಮಾವತಿ ಆಕ್ಷೇಪ ಎತ್ತಿದಳು. "ಅವರ ಕಡೇ ಹುಡುಗಿ ಅದು." ಬೀರಲಿಂಗಪ್ಪ ಕೈ ಮುಗಿದ. "ಈಗ ಅವರ ಕಡೆ. ಮದುವೆ ಆದ್ರೆ ನಿಮ್ಮ ಕಡೆ. ಎಲ್ಲಾರಿಗಿಂತ ನಡುವೆ ಇರೋಳು ಅವಳೊಬ್ಬಳೇ ಕಣ್ರಿ." ಅದು ಒಪ್ಪುವಂಥ ಮಾತಾಗಿತ್ತು.

ಗುಡಿಗೆ ಹೋಗುವ ದಾರಿಯಲ್ಲಿ ಬೀರಲಿಂಗಪ್ಪ ಮೇಷ್ಟ್ರ ಪಕ್ಕಕ್ಕೆ ಬಂದ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ದೊಡ್ಡೋರು. ನಾನು ಆಗಲೇ ಒಂಬೈನೂರ ತೊಂಬತ್ತೊಂಬತ್ತು ಹೇಳೀನಿ. ನೀವು ಒಂದು ಹೇಳ್ರಿ ಸಾಕು. ತಪ್ಪು ಗಾಡಿ ಹೊಡೆಯೋನ ಮೇಲೆ ಹಾಕಿಬಿಡ್ರಿ. ಅವನೇ ದಾರಿ ತಪ್ಪಿಸಿ ಕರ್ಕಂಡು ಹೋದ ಅಂತ. ಯಾರಿಗೂ ಬೇಜಾರಿಲ್ಲ."

"ಯಾಕೆ, ನಾವು ಡ್ರೈವರ್‌ಗಳು ಮನುಷ್ಯರಲ್ವಾ?" ಎಂದ ಹಿಂದೆ ಬರುತ್ತಿದ್ದ ಟೆಂಪೋ ಚಾಲಕ.

ಚೈತ್ರಶ್ರೀ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಮೇಷ್ಟ್ರ ಕೈಯಿಂದ ಪುಸ್ತಕ ತೆಗೆದುಕೊಳ್ಳುತ್ತ ಮೆಲ್ಲಗೆ ಹೇಳಿದಳು. "ಸಾರ್, ನನಗೆ ಗುರುಸ್ವಾಮಿ ಬೇಕು. ಆದ್ರೆ ನೀವು ಇದ್ದಿದ್ದು ಹೇಳ್ರಿ. ಸುಳ್ಳಿನ ಮ್ಯಾಲೆ ಆದ ಮದುವೇಲಿ ದಿನಾ ಬಾಳಬೇಕಾದೋಳು ನಾನು." ಈ ಹುಡುಗಿಯ ಮದುವೆ ಮುರಿದರೆ ಮುರಿದದ್ದು ತಮ್ಮ ಬಾಯಿಂದ ಎಂದು ಮೇಷ್ಟ್ರಿಗೆ ಸ್ಪಷ್ಟವಾಗಿ ತಿಳಿಯಿತು.

ವ್ಯಾಸಪೀಠಕ್ಕೆ ಸೇವಂತಿಗೆ ಹಾರ ಬಿತ್ತು, ಊದಿನಕಡ್ಡಿ ಹಚ್ಚಿದರು. ಪೂಜಾರಿ ಸಂಕಲ್ಪ ಮಾಡಿಸಲು ಕೂತು, "ಹಂಪ್ರಪ್ಪನ ಗೋತ್ರ?" ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಕುರಿ ಬಹಳ ಇವೆ ಎಂದು ಮೇಷ್ಟ್ರು ಹೇಳಿದ್ದಕ್ಕೆ, "ಹಂಗಾರೆ ನಮ್ಮೋನೇ" ಎಂದು ಹಿಂದಿನ ಸಾಲಿನಲ್ಲಿ ಒಬ್ಬ ಎದೆಯುಬ್ಬಿಸಿದ. ಪೂಜಾರಿ ಯಾವುದೋ ಒಂದು ಗೋತ್ರ ಹಾಕಿ ಕಾಯಿ ಒಡೆದ.

ಚೈತ್ರಶ್ರೀ ಓದತೊಡಗಿದಳು. ಶಾಲೆಯ ಪ್ರಾರ್ಥನೆಯಂತೆ ನೆಟ್ಟಗೆ, ಸ್ಪಷ್ಟವಾಗಿ. ಒಂದೊಂದು ಪ್ಯಾರಾ ಮುಗಿದಾಗ ಮೇಷ್ಟ್ರು ಅರ್ಥ ಹೇಳಿದರು. ಬೆಳಗಿನ ಜಾವದಿಂದ ಮಂಜು ಬೀಳುತ್ತಿತ್ತು. ನಲವತ್ತು ಕೋಣೆಯ ಮನೆ. ಹೆನ್ರಿಯೆಟಾ ಒಂದು ಸಣ್ಣ ಪೆಟ್ಟಿಗೆ ಹಿಡಿದು ಮಹಡಿ ಇಳಿದಳು.

"ಅಷ್ಟು ಮಂಜು ಬಿದ್ರೆ ಕುರಿಗೆ ಮೇವು?" ಎಂದಳು ಚೌಡಕ್ಕ.

"ಬರ್ದಿಲ್ಲ ಚೌಡಕ್ಕ."

"ಅದನ್ನ ಬರೀದೆ ಮತ್ತೇನು ಬರ್ದಾನೆ?"

ಓದು ಮುಂದುವರಿಯಿತು. ಹಂಫ್ರಿ ಬಾಗಿಲಲ್ಲಿ ನಿಂತಿದ್ದ. 'ಗಾಡಿ ಬಂದಿದೆ' ಎಂದ. 'ಹೌದು, ಬಂದಿದೆ' ಎಂದಳು ಹೆನ್ರಿಯೆಟಾ.

ಇದೇ ಜಾಗ. ಇಪ್ಪತ್ತನಾಲ್ಕರಲ್ಲಿ ಮೇಷ್ಟ್ರಿಗೆ 'ಗಾಡಿ ಬಂದಿದೆ' ಎಂಬುದು 'ತೊಲಗು' ಎಂದು ಕೇಳಿಸಿತ್ತು. ಮೂವತ್ತರಲ್ಲಿ 'ಹೌದು, ಬಂದಿದೆ' ಎಂಬುದು 'ನಿನ್ನ ಹಂಗೇನು' ಎಂದು ಕೇಳಿಸಿತ್ತು. ಐವತ್ತರಲ್ಲಿ ಮಹಡಿಯ ಮೇಲೆ ಅತ್ತೆಯ ಸೂಜಿಯ ಸದ್ದು ಕೇಳಿಸಿತ್ತು. ಅವರು ಅರ್ಥ ಹೇಳಲು ಬಾಯಿ ತೆರೆದರು. ಚೈತ್ರಶ್ರೀ ನಿಲ್ಲಿಸದೆ ಇನ್ನೊಂದು ಸಾಲು ಓದಿದಳು.

ಮೇಷ್ಟ್ರು ಗಾಬರಿಯಾಗಿ, "ಅದು ಎಲ್ಲಿ ಐತಮ್ಮ? ತೋರಿಸು" ಎಂದರು. ಅವಳು ಬೆರಳಿಟ್ಟು ತೋರಿಸಿದಳು. ಇತ್ತು. ಮೂರು ಸಲ ಓದಿದಾಗಲೂ ಕಣ್ಣು ಆ ಸಾಲನ್ನು ಹಾರಿ ಹೋಗಿತ್ತು. ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಆಳೊಬ್ಬ ಮೆಟ್ಟಿಲಿನ ಮೇಲಿನ ಮಂಜು ಗುಡಿಸುತ್ತಿದ್ದ, ಅವನು ಬಹಳ ನಿಧಾನ, ಅವನು ಗುಡಿಸಿ ಮುಗಿಸುವ ತನಕ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು. ಅಷ್ಟೇ.

ಮೇಷ್ಟ್ರು ಆ ಸಾಲನ್ನು ಇನ್ನೊಮ್ಮೆ ಓದಿಕೊಂಡರು. ಅರವತ್ತೊಂದು ವರ್ಷದ ಮನುಷ್ಯನಿಗೆ ಬಾಗಿಲಲ್ಲಿ ನಿಲ್ಲುವುದೆಂದರೆ ಏನೆಂದು ಗೊತ್ತಿರುತ್ತದೆ.

"ಅರ್ಥ ಹೇಳ್ರಿ ಸಾರ್" ಎಂದ ನಾಗರಾಜ. "ಹಾಕಿದ್ನೋ ಇಲ್ವೋ?"

"ಹಾಕ್ಲಿಲ್ಲ ಕಣಪ್ಪ."

ಹೊನ್ನಾಳಿಯವರು ಚಪ್ಪಾಳೆ ತಟ್ಟಿದರು.

"ಇವಳೂ ಬಿಟ್ಟು ಹೋಗ್ಲಿಲ್ಲ. ತಡೀರಿ, ಹೇಳ್ತೀನಿ. ಒಬ್ಬ ಆಳು ಮೆಟ್ಟಿಲು ಗುಡಿಸ್ತಾನೆ. ಅವನು ಗುಡಿಸೋ ತನಕ ಇಬ್ರೂ ನಿಂತಿರ್ತಾರೆ. ಬ್ಯಾಡ, ಹೋಗಬ್ಯಾಡ ಅಂತ ಅವನು ಅಂದ್ರೆ ಇವಳು ನಿಲ್ಲಾಕೆ ತಯಾರು. ನಾನು ಹೋಗಲ್ಲ ಅಂತ ಇವಳು ಅಂದ್ರೆ ಅವನು ಪೆಟ್ಟಿಗೆ ಇಸ್ಕಳಾಕೆ ತಯಾರು. ಯಾರೂ ಏನೂ ಅನ್ನಲಿಲ್ಲ. ಗುಡಿಸಿದ್ದು ಮುಗೀತು. ಅವಳು ಗಾಡಿ ಹತ್ತಿದ್ಲು. ಪುಸ್ತಕದಾಗೆ ಇರೋದು ಇಷ್ಟೇ. ಇದರ ಹೊರತು ನಾನು ಏನೇನು ಹೇಳೀನೋ ಅದೆಲ್ಲ ನಂದು."

ಇಷ್ಟು ದಿನ ಜಗಳಕ್ಕೆ ಆಧಾರವಾಗಿದ್ದ ಕಂಬವೇ ಇಲ್ಲವೆಂದಾದಾಗ ಯಾರ ಮೇಲೆ ಸಿಟ್ಟು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. "ಆ ಕಸಬರಿಗೆ ಹಿಡಿದೋನಿಗೆ ಬೆಂಕಿ ಹಾಕ" ಎಂದಳು ಚೌಡಕ್ಕ. ಬೀರಲಿಂಗಪ್ಪನ ಮುಖ ಅರಳಿತು. ಕೊನೆಗೂ ತಪ್ಪು ಹೊರಿಸಲು ಒಬ್ಬ ಸಿಕ್ಕಿದ್ದ.

ಆಗ ಹೇಮಾವತಿ ಎದ್ದು ನಿಂತಳು. ಜಗಳಕ್ಕೆ ನಿಂತವಳಂತೆ ಇರಲಿಲ್ಲ, ಕ್ಲಾಸಿನಲ್ಲಿ ಪ್ರಶ್ನೆ ಕೇಳಲು ಎದ್ದ ಹುಡುಗಿಯಂತೆ ಸೆರಗು ಹಿಡಿದು ನಿಂತಿದ್ದಳು.

"ಹಂಗಾರೆ ಸಾರ್, ನಾನು ವಾಪಸ್ ಬಂದಿದ್ದು?"

"ಎಲ್ಲಿಂದಮ್ಮ?"

"ಹೊನ್ನಾಳಿ ಬಸ್‌ಸ್ಟ್ಯಾಂಡಿಂದ. ಗುರುಸ್ವಾಮಿಗೆ ಆಗ ಒಂದು ವರ್ಷ. ಬೆನ್ನ ಮ್ಯಾಲೆ ಬಾಸುಂಡೆ ಇದ್ವು, ರವಿಕೆ ಹಾಕ್ಕಳಾಕೆ ಆಗ್ತಿರಲಿಲ್ಲ. ಕೂಸು ಎತ್ಕಂಡು, ಚೀಲ ಹಿಡ್ಕಂಡು ಸಾಸ್ವೆಹಳ್ಳಿ ಬಸ್ ಹತ್ತಿ ಕೂತಿದ್ದೆ ಸಾರ್. ಕಂಡಕ್ಟರ್ ಬಂದ. ನಿಮ್ಮ ಬೋರ್ಡು ಕಣ್ಣಿಗೆ ಕಟ್ತು. ಎರಡು ಗೆರೆ ಎಳೆದಿದ್ರಲ್ಲ ಕೆಳಗೆ. ಇಳಿದುಬಿಟ್ಟೆ. ಇಪ್ಪತ್ತೈದು ವರ್ಷ ಆತು. ಹಬ್ಬಕ್ಕೆ, ಸಾವಿಗೆ, ಅವರು ಕಳಿಸಿದಾಗ ತವರಿಗೆ ಹೋಗೀನಿ. ನಾನಾಗಿ ಹೋಗಿಲ್ಲ. ಅದು ಪುಸ್ತಕದಾಗೆ ಇಲ್ಲ ಅಂದ್ರೆ ಎಲ್ಲಿತ್ತು ಸಾರ್?"

ಬೀಗರು, ದಲ್ಲಾಳಿ, ಡ್ರೈವರು, ಪೂಜಾರಿ ಎಲ್ಲರೂ ಮೇಷ್ಟ್ರನ್ನೇ ನೋಡಿದರು. ಮೇಷ್ಟ್ರಿಗೆ ಓಡಿಹೋಗಬೇಕು ಅನಿಸಿತು. ಆದರೆ ಎದುರಿಗೆ ವ್ಯಾಸಪೀಠ, ಪಕ್ಕದಲ್ಲಿ ಆ ಹುಡುಗಿ.

"ಅದು ನನ್ನ ಸಿಟ್ಟಮ್ಮ" ಎಂದರು. "ಆಗ ನನ್ನ ಹೆಂಡತಿ ಜಗಳ ಆಡ್ಕಂಡು ತವರಿಗೆ ಹೋಗಿದ್ಲು. ನಾಕು ತಿಂಗಳು ಬಂದಿರಲಿಲ್ಲ. ಅವಳ ಮ್ಯಾಲಿನ ಸಿಟ್ಟು ನಿಮಗೆ ಪಾಠ ಮಾಡಿದೆ. ತಪ್ಪಾತು."

"ಇಪ್ಪತ್ತೈದು ವರ್ಷ" ಎಂದಳು ಹೇಮಾವತಿ, "ನಾನು ನಿಮ್ಮನೆ ಜಗಳ ಬಾಳಿದ್ನಾ?"

ಉತ್ತರ ಬಂದದ್ದು ಹೆಂಗಸರ ಸಾಲಿನಿಂದ. ಮೂವತ್ತು ಜನಕ್ಕೆ ಚಹಾ ಮಾಡಿ, ದೊಡ್ಡ ಫ್ಲಾಸ್ಕು ಹಿಡಿದು ಆಗಷ್ಟೇ ಬಂದು ನಿಂತಿದ್ದ ಪ್ರೇಮಲತಾ ಅದನ್ನು ಕೆಳಗಿಟ್ಟರು.

"ನಮ್ಮನೆ ಜಗಳನೂ ಅಲ್ಲಮ್ಮ ಅದು. ನಾನು ಜಗಳ ಆಡ್ಕಂಡು ಹೋಗಿರಲಿಲ್ಲ. ನಮ್ಮಮ್ಮ ಬಾವಿಕಟ್ಟೆ ಹತ್ರ ಬಿದ್ದು ಸೊಂಟ ಮುರ್ಕಂಡಿದ್ಲು. ನೋಡ್ಕಳಾಕೆ ಬೇರೆ ಯಾರೂ ಇರಲಿಲ್ಲ. ಇವರಿಗೆ ಕಾಗದ ಬರೆದೆ. ನೆಪ ಹೇಳ್ತಾಳೆ ಅಂದ್ಕಂಡ್ರು." ಅವರು ಗಂಡನ ಕಡೆ ತಿರುಗಿದರು. ಸಿಟ್ಟೇನೂ ಇರಲಿಲ್ಲ, ಉಪ್ಪು ಕಡಿಮೆಯಾಗಿದೆ ಎನ್ನುವಂಥ ದನಿ. "ಈ ಇಂಗ್ಲಿಷ್ ಪುಸ್ತಕ ನಾಕು ಸಲ ಓದಿದ್ರಿ. ನನ್ನ ಕಾಗದ ಒಂದೇ ಸಲ ಓದಿದ್ರಿ."

ಮೇಷ್ಟ್ರು ತಲೆ ತಗ್ಗಿಸಿದರು. ಮೂವತ್ತೊಂದು ವರ್ಷದಲ್ಲಿ ಅತ್ತೆಯ ಸೊಂಟ ಮುರಿದಿತ್ತೆಂದು ಅವರು ನಂಬಿದ ಮೊದಲ ಗಳಿಗೆ ಅದು. ಅತ್ತೆ ಸಾಯುವ ತನಕ ಕುಂಟುತ್ತಿದ್ದುದನ್ನು ಕಣ್ಣಾರೆ ಕಂಡಿದ್ದರೂ.

ಹೇಮಾವತಿ ನಗತೊಡಗಿದಳು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಆಮೇಲೆ ಕಣ್ಣಲ್ಲಿ ನೀರು. "ಯಾರದೋ ಅಜ್ಜಿ ಸೊಂಟ! ನಾನು ಯಾರದೋ ಅಜ್ಜಿ ಸೊಂಟಕ್ಕೆ ಬಸ್ ಇಳಿದೆ!" 'ಆಗಿದ್ದು ಆಗಿ ಹೋತು ಬಿಡ್ರಿ' ಎಂದು ಯಾರೋ ಸಮಾಧಾನ ಹೇಳಲು ಹೋದರು. ಅವಳು ಕೇಳಿಸಿಕೊಳ್ಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ಗಾಡಿಯಿಂದ ತನ್ನ ಚೀಲ ತೆಗೆದುಕೊಂಡು ನೆಟ್ಟಗೆ ರಸ್ತೆಗೆ ನಡೆದಳು. ಜಗಳೂರಿನ ಬಸ್ಸು ಬರುವ ಹೊತ್ತು.

ಮೂವತ್ತು ಜನ ಹಿಂದೆ ಓಡಿದರು. "ಎಲ್ಲಿಗೆ ಬೀಗರೇ?" ಎಂದು ನಾಗರಾಜ. "ನಮ್ಮದೇ ಗಾಡಿ ಐತಲ್ರಿ" ಎಂದು ಡ್ರೈವರು. "ಮುಹೂರ್ತ! ಒಂಬತ್ತೇ ದಿನ!" ಎಂದು ಬೀರಲಿಂಗಪ್ಪ.

"ಸಾಸ್ವೆಹಳ್ಳಿಗೆ" ಎಂದಳು ಹೇಮಾವತಿ. "ಬಸ್ಸಲ್ಲೇ ಹೋಗ್ತೀನಿ. ಎಂಟು ದಿನ ಇರ್ತೀನಿ. ಮದುವೆ ದಿನ ಅಲ್ಲಿಂದ ನೇರ ಛತ್ರಕ್ಕೆ ಬರ್ತೀನಿ. ನಮ್ಮನೆಯೋರಿಗೆ ಫೋನ್ ಮಾಡಿ ಹೇಳ್ರಿ ಬೀರಲಿಂಗಪ್ಪ, ಕುಕ್ಕರ್ ಒಲೆ ಕೆಳಗಿನ ಗೂಡಿನಾಗೆ ಐತೆ. ಎಷ್ಟು ಕೂಗು ಅಂತ ಅವರೇ ಕಲ್ತ್ಕಳ್ಲಿ."

"ಹಂಗಾರೆ ಮದುವೆ?" ಎಂದ ನಾಗರಾಜ.

"ನಡೀಲಿ. ನನ್ನ ಮಗ ಅವರಪ್ಪನಂಗಲ್ಲ, ಅಷ್ಟು ಮಾತ್ರ ನೋಡ್ಕಂಡೇ ಬೆಳೆಸೀನಿ." ಅವಳು ಚೈತ್ರಶ್ರೀಯ ಕೆನ್ನೆ ಮುಟ್ಟಿದಳು. ಆಮೇಲೆ ಗುಂಪಿನ ಹಿಂದೆ, ಬೆಳಗಿನಿಂದ ಒಂದು ಮಾತೂ ಆಡದೆ ನಿಂತಿದ್ದ ಪುಷ್ಪಾವತಿಯ ಕಡೆ ನೋಡಿದಳು. ಏನೋ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಬಸ್ಸು ಬಂತು.

ಮೇಷ್ಟ್ರು ರಸ್ತೆಯ ಪಕ್ಕ ನಿಂತು ನೋಡುತ್ತಿದ್ದರು. ಹೇಮಾವತಿ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತುಬಿಟ್ಟಳು. ಕಂಡಕ್ಟರ್ "ಬೇಗ ಹತ್ತಮ್ಮ" ಎಂದ. ಅವಳ ಕೈ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು, ಇನ್ನೊಂದು ಕಾಲು ನೆಲ ಬಿಡುತ್ತಿರಲಿಲ್ಲ. ಹತ್ತಮ್ಮ ಎಂದು ಕೂಗಬೇಕು ಅನಿಸಿತು ಮೇಷ್ಟ್ರಿಗೆ. ಆದರೆ ಅವಳಿಗೆ ಇನ್ನೊಂದು ಮಾತು ಹೇಳುವ ಯೋಗ್ಯತೆ ತಮಗೆ ಉಳಿದಿಲ್ಲ ಎಂದುಕೊಂಡು ಸುಮ್ಮನಾದರು.

ಪುಷ್ಪಾವತಿ ಗುಂಪಿನಿಂದ ಹೊರಗೆ ಬಂದು ಚೀಲ ಇಸಿದುಕೊಂಡಳು. "ಹತ್ರಿ" ಎಂದಳು. "ನಾನೂ ಬರ್ತೀನಿ ಸಾಸ್ವೆಹಳ್ಳಿ ತನಕ. ಮೊದಲ ಸಲ ಹೋಗುವಾಗ ದಾರಿ ಕಡೆ ಕೂರಬಾರದು. ಪ್ರತಿ ಸ್ಟಾಪಿಗೂ ಇಳಿದುಬಿಡಂಗೆ ಆಗ್ತೈತೆ."

ಅವಳನ್ನು ಒಳಗಡೆ ಕಿಟಕಿ ಪಕ್ಕ ಕೂರಿಸಿ, ತಾನು ಈಚೆ ಕಡೆ ಕೂತು, ಪುಷ್ಪಾವತಿ ಕಾಲು ಅಡ್ಡ ಇಟ್ಟಳು.